ಒಂಬತ್ತೂವರೆ ಅಂಕದ ರಾಕ್ಷಸ

ಬಾಯಿ ಜಾರಿ ಆಡಿದ ಮಾತನ್ನು ವಾಪಸು ನುಂಗುವ ಯಂತ್ರವೊಂದು ಅಂಗಡಿಯಲ್ಲಿ ಸಿಗುವಂತಿದ್ದರೆ, ಉಪವಾಸ ಬಿದ್ದಾದರೂ ಅದನ್ನು ಮೊದಲು ಕೊಳ್ಳುತ್ತಿದ್ದವನು ಬಿಸ್ಕತ್ತಣ್ಣ. ಅಂಥದ್ದು ಇನ್ನೂ ಬಂದಿಲ್ಲ. ಆದ್ದರಿಂದಲೇ ಒಂದು ಇಡೀ ಬೀದಿ ಒಂದು ವಾರ ನೆಮ್ಮದಿ ಕಳೆದುಕೊಂಡಿತು, ಗಟ್ಟಿಮುಟ್ಟಾಗಿದ್ದ ಕಾಂಪೌಂಡ್ ಗೋಡೆಯೊಂದು ತನ್ನ ಮೂಲೆಯನ್ನೇ ಕಳೆದುಕೊಂಡಿತು.

ಬಿಸ್ಕತ್ತಣ್ಣನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಬಿಸ್ಕತ್ತು ಕಾರ್ಖಾನೆಯಲ್ಲಿ ಅವನು ತಪಾಸಣೆ ವಿಭಾಗದವನು. ಬೆಂದ ಬಿಸ್ಕತ್ತುಗಳು ಬೆಲ್ಟಿನ ಮೇಲೆ ಸಾಲಾಗಿ ಮೆರವಣಿಗೆ ಹೊರಟು ಅವನ ಮುಂದೆ ಹಾದುಹೋಗುತ್ತವೆ. ಮೂಲೆ ಮುರಿದದ್ದು, ಅಂಚು ಸೀದದ್ದು, ನಡುವೆ ಬಿರುಕು ಬಿಟ್ಟದ್ದು ಕಂಡರೆ ಎತ್ತಿ ಪಕ್ಕದ ಬುಟ್ಟಿಗೆ ಹಾಕಬೇಕು. ಬುಟ್ಟಿಗೆ ಬಿದ್ದದ್ದನ್ನು ಕಾರ್ಖಾನೆಯವರು ಕೆಲಸಗಾರರಿಗೇ ಹಂಚಿಬಿಡುತ್ತಿದ್ದರಿಂದ, ಅವನ ಮನೆಗೆ ಬಂದ ನೆಂಟರಾರೂ ಇದುವರೆಗೆ ಅಲ್ಲಿ ಇಡೀ ಬಿಸ್ಕತ್ತು ಕಂಡವರಲ್ಲ. ಆ ಮುರುಕು ಬಿಸ್ಕತ್ತಿನ ತಟ್ಟೆ ಇಡುವ ಟೇಬಲ್ಲೂ ಅದಕ್ಕೆ ತಕ್ಕದ್ದೇ. ಅದರ ಒಂದು ಕಾಲು ಗಿಡ್ಡ. ಟೀ ಇಟ್ಟರೆ ಈ ಕಡೆ ವಾಲುತ್ತಿತ್ತು, ಮೊಣಕೈ ಊರಿದರೆ ಆ ಕಡೆ. "ಕಾಲಿಗೆ ಏನಾದ್ರೂ ಕೊಡ್ರೀ" ಎಂದು ಹೆಂಡತಿ ಹೇಳುತ್ತ ಬಂದಿದ್ದಳು. "ಕೊಡೋಣ, ಕೊಡೋಣ" ಎಂದು ಅವನೂ ಹೇಳುತ್ತ ಬಂದಿದ್ದ.

ಪ್ರತಿ ಭಾನುವಾರ ಈ ಟೇಬಲ್ಲಿನ ಮುಂದೆ ಬಂದು ಕೂರುವವನು ಹೆಂಡತಿಯ ತಮ್ಮ. ದೊಡ್ಡದೊಂದು ಸೋಪಿನ ಕಂಪನಿಯಲ್ಲಿ ಅವನು ಮ್ಯಾನೇಜರಿಗಿಂತ ಸ್ವಲ್ಪ ಕೆಳಗೆ, ಉಳಿದವರೆಲ್ಲರಿಗಿಂತ ತುಂಬ ಮೇಲೆ. ಇದು ಅವನದೇ ವರ್ಣನೆ. ಅವನ ಸಾಹೇಬರಿಗೆ ಹಳೆಯ ಸಾಮಾನು ಕೂಡಿಡುವ ಹುಚ್ಚು ಇದ್ದದ್ದರಿಂದ ಇವನಿಗೂ ಆ ಹುಚ್ಚು ಬಂದಿತ್ತು. ಸಾಹೇಬರಿಗೆ ಕೆಮ್ಮು ಬಂದರೂ ಇವನಿಗೆ ಬರುತ್ತಿತ್ತೆನ್ನಿ. ಆ ಭಾನುವಾರ ಜೇಬಿನಿಂದ ಹಳೆಯದೊಂದು ಪೆನ್ನು ತೆಗೆದು, ಮಗುವನ್ನು ತೋರಿಸುವಂತೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ.

"ಬರೆಯತ್ತಾ?" ಎಂದಳು ಅಕ್ಕ.

"ಬರೆದ್ರೆ ಬೆಲೆ ಹೋಗತ್ತೆ ಅಕ್ಕ! ಇದನ್ನ ಬರೀ ನೋಡೋದು. ಹಳೇದನ್ನ ಮುಟ್ಟದೆ ಇಟ್ಟುಕೊಳ್ಳೋದೇ ದೊಡ್ಡತನ ಅಂತಾರೆ ನಮ್ಮ ಸಾಹೇಬ್ರು." ಆಮೇಲೆ ಒಂದು ಬೆರಳಿನಿಂದ ಕುಂಟು ಟೇಬಲ್ಲನ್ನು ಅಲ್ಲಾಡಿಸಿ, "ಭಾವನ ಹತ್ರ ಹಳೇದು ಅಂತ ಇರೋದು ಇದೊಂದೇ" ಎಂದು ನಕ್ಕ.

ಅಕ್ಕ ನಗಲಿಲ್ಲ. ಚೆಲ್ಲಿದ ಟೀಯನ್ನು ಬಟ್ಟೆಯಿಂದ ಒರೆಸತೊಡಗಿದಳು. ಒರೆಸಿ ಮುಗಿದ ಮೇಲೂ ತಲೆ ತಗ್ಗಿಸಿಕೊಂಡು ಒರೆಸುತ್ತಲೇ ಇದ್ದಳು. ಅದನ್ನು ನೋಡಿ ಬಿಸ್ಕತ್ತಣ್ಣನ ಬಾಯಿ ತಾನಾಗಿ ತೆರೆದುಕೊಂಡಿತು.

"ಯಾಕಪ್ಪಾ, ನನ್ನ ಹತ್ರಾನೂ ಸಂಗ್ರಹ ಇದೆ. ತಜ್ಞರು ನೋಡಿ ಹತ್ತಕ್ಕೆ ಒಂಬತ್ತೂವರೆ ಕೊಟ್ಟಿದಾರೆ."

ಈ ಮಾತಿನಲ್ಲಿ ಸತ್ಯದ ಪಾಲು ಎಷ್ಟು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಹಿಂದಿನ ದಿನ ಬಸ್ಸಿನಲ್ಲಿ ಅವನು ಪಕ್ಕದವನ ಫೋನಿನೊಳಗೆ ಇಣುಕಿದ್ದ. ಬಿಳಿ ಕೈಗವಸು ತೊಟ್ಟ ಮುದುಕನೊಬ್ಬ ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಹಳೆಯ ಚಿತ್ರದ ಕಾರ್ಡೊಂದನ್ನು ಭೂತಗನ್ನಡಿಯಲ್ಲಿ ನೋಡಿ ಒಂಬತ್ತೂವರೆ ಅಂಕ ಕೊಟ್ಟಿದ್ದ, ಸುತ್ತಲಿನವರು ಚಪ್ಪಾಳೆ ತಟ್ಟಿದ್ದರು. ತಾನೂ ಚಿಕ್ಕವನಿದ್ದಾಗ ಅಂಥವನ್ನೇ ಕೂಡಿಟ್ಟಿದ್ದೆನಲ್ಲ, ಅಟ್ಟದ ಮೇಲೆ ತಗಡಿನ ಡಬ್ಬಿಯಲ್ಲಿ ಇರಬೇಕಲ್ಲ ಎಂದು ಬಿಸ್ಕತ್ತಣ್ಣನಿಗೆ ನೆನಪಾಗಿತ್ತು. ಸತ್ಯ ಇಷ್ಟೇ. ಉಳಿದದ್ದೆಲ್ಲ ಮೇಲೆ ಸವರಿದ ಬೆಣ್ಣೆ.

"ಎಂಥ ಸಂಗ್ರಹ?" ಎಂದ ಭಾವಮೈದ.

"ಬಬಲ್ ಗಮ್ ಕಾರ್ಡು. ಮನೆಗೆಲಸದ ರಾಕ್ಷಸರು ಅನ್ನೋ ಸರಣಿ."

ಭಾವಮೈದ ಎದ್ದು ನಿಂತ. ನಿಂತ ರಭಸಕ್ಕೆ ಟೇಬಲ್ಲು ವಾಲಿ ಅವನ ಪ್ಯಾಂಟಿನ ಮೇಲೆ ಟೀ ಚೆಲ್ಲಿತು, ಅದೂ ಅವನ ಗಮನಕ್ಕೆ ಬರಲಿಲ್ಲ. "ಮನೆಗೆಲಸದ ರಾಕ್ಷಸರಾ? ನಮ್ಮ ಸಾಹೇಬ್ರ ಪ್ರಾಣ ಇರೋದೇ ಅದರಲ್ಲಿ ಭಾವ! ಒಂಬತ್ತೂವರೆ ಅಂದ್ರೆ ಅವರ ಹತ್ರಾನೇ ಒಂದೋ ಎರಡೋ ಇರಬೇಕು. ಬರೋ ಭಾನುವಾರ ಅವರನ್ನ ಕರಕೊಂಡೇ ಬರ್ತೀನಿ."

ಬಿಸ್ಕತ್ತಣ್ಣ ಮಾತು ತಿರುಗಿಸಲು ಹೊರಟ. ಆದರೆ ಅಷ್ಟರಲ್ಲಿ ಹೆಂಡತಿ ತಲೆಯೆತ್ತಿ ಅವನನ್ನು ನೋಡಿದಳು. ಮದುವೆಯಾದಂದಿನಿಂದ ಅವಳು ಅವನನ್ನು ಎಷ್ಟೋ ಸಲ ನೋಡಿದ್ದಳು: ಹಾಲು ಮರೆತು ಬಂದಾಗ, ಛತ್ರಿ ಬಸ್ಸಿನಲ್ಲಿ ಬಿಟ್ಟು ಬಂದಾಗ, ಮನೆಗೆ ಬಂದವರೆದುರು ಬನಿಯನ್ ತಿರುಗಾಮುರುಗಾ ಹಾಕಿಕೊಂಡು ನಿಂತಾಗ. ಈ ನೋಟ ಅವುಗಳಲ್ಲಿ ಒಂದಲ್ಲ. ನನ್ನ ಗಂಡ ಅಂದರೆ ಏನೆಂದುಕೊಂಡೆ ಎಂದು ತಮ್ಮನಿಗೆ ಹೇಳುವಂಥ ನೋಟ. ಇದೊಂದನ್ನು ಭಾನುವಾರದವರೆಗೆ, ಸಾಧ್ಯವಾದರೆ ಆಮೇಲೂ, ಹೇಗಾದರೂ ಉಳಿಸಿಕೊಳ್ಳಬೇಕೆಂದು ಬಿಸ್ಕತ್ತಣ್ಣ ಆ ಕ್ಷಣವೇ ನಿಶ್ಚಯಿಸಿದ.

ಮರುದಿನ ಕಾರ್ಖಾನೆಗೆ ಹೊಟ್ಟೆನೋವೆಂದು ಹೇಳಿ ಕಳಿಸಿ, ಅಟ್ಟ ಹತ್ತಿ ಡಬ್ಬಿ ಇಳಿಸಿದ. ರಾಕ್ಷಸರು ಒಬ್ಬೊಬ್ಬರಾಗಿ ಹೊರಬಂದರು. ಬಟ್ಟೆ ಹಿಂಡುವ ರಾಕ್ಷಸ, ತಲೆ ಬಾಚುವ ರಾಕ್ಷಸ, ದಾರ ಪೋಣಿಸಲಾಗದೆ ಅಳುವ ರಾಕ್ಷಸಿ, ಪಾತ್ರೆ ತೊಳೆಯುವುದನ್ನು ತಪ್ಪಿಸಿಕೊಳ್ಳಲು ಮಂಚದಡಿ ಅಡಗಿದ ರಾಕ್ಷಸ. ಪ್ರತಿ ಕಾರ್ಡಿನ ಬೆನ್ನಿಗೂ ಒಂದು ನಗೆಹನಿ ಇತ್ತು, ಅದನ್ನು ಓದಿ ಯಾರೂ ಎಂದೂ ನಕ್ಕಿರಲಿಲ್ಲ.

ಪಕ್ಕಾ ಪರೀಕ್ಷೆ ನಡೆಸಲು ಬಿಸ್ಕತ್ತಣ್ಣ ಗಡಿಯಾರ ರಿಪೇರಿಯವನಿಂದ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನೂ, ಬ್ಯಾಂಡಿನಲ್ಲಿ ತಮಟೆ ಬಾರಿಸುವವನಿಂದ ಬಿಳಿ ಕೈಗವಸನ್ನೂ ಎರವಲು ತಂದ. ಬಸ್ಸಿನ ಆ ವೀಡಿಯೋವನ್ನು ತನ್ನ ಫೋನಿನಲ್ಲೂ ಹುಡುಕಿ ಮತ್ತೆ ಮತ್ತೆ ನೋಡಿದ. ಕಾರ್ಡಿನಲ್ಲಿ ನೋಡಬೇಕಾದದ್ದು ನಾಲ್ಕು ಎಂದು ತಿಳಿಯಿತು. ಮೂಲೆ ಚೂಪಾಗಿದೆಯೇ, ಅಂಚು ನೇರವಾಗಿದೆಯೇ, ಮೈ ಚೊಕ್ಕಟವಾಗಿದೆಯೇ, ಚಿತ್ರ ಸರಿಯಾಗಿ ನಟ್ಟನಡುವೆ ಕೂತಿದೆಯೇ. ಕೇಳಿ ಬಿಸ್ಕತ್ತಣ್ಣನಿಗೆ ಆನಂದಬಾಷ್ಪ ಬರುವುದೊಂದು ಬಾಕಿ. ಇದು ಬಿಸ್ಕತ್ತಲ್ಲದೆ ಇನ್ನೇನು!

ಆದರೆ ನೋಡುತ್ತ ಹೋದಂತೆ ಮುಖ ಸಣ್ಣದಾಯಿತು. ಬಟ್ಟೆ ಹಿಂಡುವವನಿಗೆ ಎರಡು ಅಂಕ, ತಲೆ ಬಾಚುವವನಿಗೆ ಒಂದೂವರೆ. ಎಲ್ಲಕ್ಕಿಂತ ಕಡೆ ಎಂದರೆ ಸೀನುವ ರಾಕ್ಷಸ. ಅದರ ಒಂದು ಮೂಲೆಯನ್ನು ಯಾರೋ ಕಚ್ಚಿದ್ದರು, ಮೈಮೇಲೆ ಕಾಫಿಯೋ ಕಷಾಯವೋ ಬಿದ್ದಿತ್ತು, ಮೂಗಿನ ಕೆಳಗೆ ಇಂಕಿನಲ್ಲಿ ಬರೆದ ಗಿರಿಜಾ ಮೀಸೆ ಇತ್ತು. ಬರೆದವನು ಯಾರೆಂಬುದು ಬಿಸ್ಕತ್ತಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಇದಕ್ಕೆ ಅರ್ಧ ಅಂಕ ಕೊಟ್ಟು, ಅದೂ ಹೆಚ್ಚಾಯಿತೆಂದುಕೊಂಡು, ನಾಲ್ಕಾಗಿ ಮಡಚಿ ಟೇಬಲ್ಲಿನ ಗಿಡ್ಡ ಕಾಲಿನಡಿ ತುರುಕಿದ. ಟೇಬಲ್ಲು ಜನ್ಮದಲ್ಲಿ ಮೊದಲ ಬಾರಿಗೆ ಅಲ್ಲಾಡದೆ ನಿಂತಿತು.

"ಅಂತೂ ಕೊಟ್ರಲ್ಲ" ಎಂದಳು ಹೆಂಡತಿ.

ಡಬ್ಬಿ ಖಾಲಿಯಾಯಿತು. ಇನ್ನು ಭಾನುವಾರ ಬೆಳಿಗ್ಗೆ ಎಲ್ಲಿಗೆ ಓಡಿಹೋಗುವುದು ಎಂದು ಯೋಚಿಸುತ್ತ ಡಬ್ಬಿಯ ತಳಕ್ಕೆ ಹಾಸಿದ್ದ ಕಾಗದವನ್ನು ಎತ್ತಿದಾಗ ಅಲ್ಲಿ ಮಲಗಿದ್ದ, ಹಲ್ಲುಜ್ಜುವ ರಾಕ್ಷಸ. ಚಿಕ್ಕವನಿದ್ದಾಗ ಅಮ್ಮ ಇದನ್ನೇ ತೋರಿಸಿ ಹಲ್ಲುಜ್ಜಿಸುತ್ತಿದ್ದಳೆಂಬ ಸಿಟ್ಟಿಗೆ ಬಿಸ್ಕತ್ತಣ್ಣ ಅದನ್ನು ಅಲ್ಲಿ ಹೂತಿದ್ದ. ಬೆಳಕಿಲ್ಲದೆ, ಗಾಳಿಯಿಲ್ಲದೆ, ಯಾರ ಕೈಯೂ ಸೋಕದೆ ರಾಕ್ಷಸ ಮದುವಣಿಗನ ಹಾಗೆ ಹೊಳೆಯುತ್ತಿದ್ದ. ಮೂಲೆ ನಾಲ್ಕೂ ಸೂಜಿ. ಅಂಚು ದಾರ ಹಿಡಿದು ಕತ್ತರಿಸಿದಂತೆ. ಕೆಳಗಿನ ಬಿಳಿಯಲ್ಲಿ ಗಸಗಸೆಯಷ್ಟು ಒಂದು ಚುಕ್ಕೆ ಮಾತ್ರ. ಅದಕ್ಕೆ ಅರ್ಧ ಅಂಕ ಕಳೆದರೆ ಉಳಿಯುವುದು ಒಂಬತ್ತೂವರೆ! ಹೇಳಿದ ಸುಳ್ಳು ಹೀಗೆ ತಾನಾಗಿ ಬಂದು ನಿಜವಾಗುವ ಭಾಗ್ಯ ಎಷ್ಟು ಜನರಿಗಿದೆ? ಅವನು ಕೈಗವಸು ತೊಟ್ಟ ಕೈಯಲ್ಲೇ ಹೆಂಡತಿಯ ಗಲ್ಲ ಮುಟ್ಟಿದ. "ಇದೇನ್ರೀ, ಬ್ಯಾಂಡಿನವರ ವಾಸನೆ" ಎಂದಳು ಅವಳು. ಆದರೂ ಆ ನೋಟ ಇನ್ನೂ ಇತ್ತು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಸಾಹೇಬರೆದುರು ತಜ್ಞನಂತೆ ಮಾತಾಡಬೇಕಾದರೆ ಕಣ್ಣು ಪಳಗಬೇಕಲ್ಲ. ಬಿಸ್ಕತ್ತಣ್ಣ ಸಿಕ್ಕಸಿಕ್ಕದ್ದಕ್ಕೆಲ್ಲ ಅಂಕ ಕೊಡತೊಡಗಿದ. ಬಕೆಟ್ಟಿಗೆ ಐದು. ಬಾಗಿಲಿಗೆ ಆರು. ಸಂಜೆ ಕೈಗವಸು ತೊಟ್ಟು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೀದಿಗಿಳಿದ. ಎದುರು ಮನೆಯ ಕಾಂಪೌಂಡ್ ಗೋಡೆ ಅವನಿಗೆ ಬಹಳ ಹಿಡಿಸಿತು. ಆ ಮನೆಯವರು ನಿವೃತ್ತ ಬಸ್ ಕಂಡಕ್ಟರು. ಜೀವಮಾನವೆಲ್ಲ ಟಿಕೆಟ್ಟಿಲ್ಲದವರನ್ನು ಹಿಡಿದು ಹಿಡಿದು ಯಾರನ್ನು ಕಂಡರೂ ಅನುಮಾನ ಪಡುವುದು ಅವರಿಗೆ ರೂಢಿಯಾಗಿತ್ತು. ತಮ್ಮ ಗೋಡೆಯ ಮೂಲೆಗೆ ಮೂಗು ತಾಗಿಸಿಕೊಂಡು ನಿಂತ ಬಿಸ್ಕತ್ತಣ್ಣನನ್ನು ಕಂಡು ಹತ್ತಿರ ಬಂದರು.

"ಏನ್ ನೋಡ್ತಿದೀರಿ?"

ಬಿಸ್ಕತ್ತಣ್ಣ ತನ್ನದೇ ಲೋಕದಲ್ಲಿದ್ದ. "ಮೂಲೆ ಚೂಪಾಗಿದೆ. ಅಂಚು ನೇರ. ಮೈ ಮೇಲೆ ಕಲೆ ಇಲ್ಲ. ಎಂಟು ಅಂಕಕ್ಕೆ ಮೋಸವಿಲ್ಲ."

"ಎಂಟು ಅಂಕ ಬಂದ್ರೆ?"

"ಅಂಕ ಏರಿದಷ್ಟೂ ಬೆಲೆ ಏರತ್ತೆ ಕಂಡಕ್ಟ್ರೇ. ಅದೇ ಲೆಕ್ಕ."

"ಹೌದಾ. ಯಾರು ಹೇಳಿದ್ದು ಈ ಲೆಕ್ಕ?"

"ನೋಡ್ತಿರಿ, ಭಾನುವಾರ ದೊಡ್ಡ ಸಾಹೇಬ್ರೇ ಬರ್ತಾರೆ. ಎಲ್ಲ ಅವರೇ ಪರೀಕ್ಷೆ ಮಾಡ್ತಾರೆ" ಎಂದು ಬಿಸ್ಕತ್ತಣ್ಣ ಮುಂದಿನ ಗೋಡೆಗೆ ಹೋದ. ಅವನು ಆಡಿದ ಒಂದೊಂದು ಮಾತೂ ನಿಜವೇ. ಕಂಡಕ್ಟರು ಅವನ್ನೆಲ್ಲ ಒಟ್ಟುಗೂಡಿಸಿದರು ಅಷ್ಟೆ. ಕೂಡಿಸಿದಾಗ ಬಂದ ಉತ್ತರ ಮನೆ ತೆರಿಗೆ!

ಅವರು ನೇರ ಪಕ್ಕದ ಮನೆಯ ಟೈಲರಮ್ಮನ ಬಳಿ ಹೋಗಿ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದರು. "ತೆರಿಗೆ ಏರಿಸ್ತಿದಾರೆ. ಮನೆ ಮನೆಗೂ ಅಂಕ ಹಾಕೋಕೆ ಗುಟ್ಟಾಗಿ ನಮ್ಮ ಬಿಸ್ಕತ್ತಣ್ಣನ್ನ ನೇಮಿಸಿದಾರೆ."

ಟೈಲರಮ್ಮ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದರು. "ಬಿಸ್ಕತ್ತು ಆರಿಸೋರನ್ನ ಯಾಕೆ ನೇಮಿಸ್ತಾರ್ರೀ?"

"ಅಲ್ಲೇ ಇರೋದು ಗುಟ್ಟು! ಯಾರಿಗೂ ಅನುಮಾನ ಬರಬಾರದು ಅಂತ."

ಈ ತರ್ಕಕ್ಕೆ ಎದುರಾಡಲು ಟೈಲರಮ್ಮನಿಂದ ಆಗಲಿಲ್ಲ. ಬೆಳಗಾಗುವುದರೊಳಗೆ ಬೀದಿಯ ತುಂಬ ಸುದ್ದಿ. ಜನ ತಮ್ಮ ತಮ್ಮ ಮನೆಗಳ ಅಂಕ ಇಳಿಸಲು ಟೊಂಕ ಕಟ್ಟಿ ನಿಂತರು. ಹೊಸದಾಗಿ ಬಳಿದ ಗೋಡೆಗೆ ಒಬ್ಬರು ಕೆಸರು ಎರಚಿದರು. ಇನ್ನೊಬ್ಬರು ಗಟ್ಟಿಯಾಗಿದ್ದ ಗೇಟನ್ನು ಕಳಚಿ ಓರೆಯಾಗಿ ನಿಲ್ಲಿಸಿದರು. ಕಂಡಕ್ಟರಂತೂ ಸುತ್ತಿಗೆ ತಂದು, ಎಂಟು ಅಂಕಕ್ಕೆ ಮೋಸವಿಲ್ಲದ ಮೂಲೆಯನ್ನು ಕಣ್ಣು ಮುಚ್ಚಿಕೊಂಡು ಒಡೆದರು. ಪಾಡು ಕಷ್ಟವಾದದ್ದು ಟೈಲರಮ್ಮನದು. ತೆರಿಗೆಯೂ ಹೆಚ್ಚಾಗಬಾರದು, ಕಂಡಕ್ಟರ ಮನೆಗಿಂತ ತಮ್ಮ ಮನೆಗೆ ಅಂಕ ಕಡಿಮೆಯೂ ಆಗಬಾರದು. ಬೆಳಿಗ್ಗೆ ಕಿಟಕಿಗೆ ಹರಿದ ಪರದೆ ಹಾಕುವರು, ಮಧ್ಯಾಹ್ನ ಮನಸ್ಸು ತಡೆಯದೆ ತೆಗೆದು ಇಸ್ತ್ರಿ ಮಾಡಿದ್ದನ್ನು ಹಾಕುವರು, ಸಂಜೆ ಮತ್ತೆ ಹರಿದದ್ದು.

ಬೀದಿಯ ಮೂಲೆಗಳೆಲ್ಲ ದಿನದಿನಕ್ಕೆ ಮುರಿಯುತ್ತಿರುವುದನ್ನು ಬಿಸ್ಕತ್ತಣ್ಣ ಗಮನಿಸಿದ, ಬೇಸರಪಟ್ಟ, ಅಂಕ ಇಳಿಸಿದ. "ಬರೀ ಮೂರು" ಎಂದು ಅವನು ನಿಟ್ಟುಸಿರು ಬಿಟ್ಟಾಗ ಕಂಡಕ್ಟರು ಅವನ ಕೈ ಹಿಡಿದು, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ" ಎಂದರು. ಎಂದೂ ಮಾತಾಡಿಸದಿದ್ದವರು ಕೂಡ ನಮಸ್ಕಾರ ಮಾಡುತ್ತಿದ್ದರು. ಯಾರೋ ಪಪ್ಪಾಯಿ ಹಣ್ಣು ತಂದುಕೊಟ್ಟರು. ಕಡೆಗೂ ಜನರಿಗೆ ಕಲೆಯ ಬಗ್ಗೆ ಗೌರವ ಬಂತಲ್ಲ ಎಂದು ಬಿಸ್ಕತ್ತಣ್ಣ ಹೆಂಡತಿಗೆ ಹೇಳಿದ. ಅವಳೋ ಆಗಲೇ ನಲ್ಲಿಯ ಹತ್ತಿರ, ಅಂಗಡಿಯ ಹತ್ತಿರ, ತನ್ನ ತಾಯಿಗೆ ಫೋನಿನಲ್ಲಿ, ಗಂಡನ ಒಂಬತ್ತೂವರೆಯ ಸುದ್ದಿ ಹಂಚಿ ಮುಗಿಸಿದ್ದಳು.

ಭಾನುವಾರ ಬಂತು. ಮೊದಲ ಬಾರಿಗೆ ಆ ಮನೆಗೆ ಇಡೀ ಬಿಸ್ಕತ್ತು ಬಂತು, ಬಿಸ್ಕತ್ತಣ್ಣನೇ ಅಂಗಡಿಯಲ್ಲಿ ನಿಂತು ಪೊಟ್ಟಣ ಬಿಚ್ಚಿಸಿ ಆರಿಸಿ ತಂದದ್ದು. ಬೀದಿಯ ತುದಿಯಲ್ಲಿ ಕಾರು ಕಾಣಿಸಿಕೊಂಡಾಗ ಎಲ್ಲ ಕಿಟಕಿಗಳಲ್ಲೂ ತಲೆಗಳು ಮೂಡಿದವು. ಕಾರಿನಿಂದ ಇಳಿದ ಸಾಹೇಬರು ಕಡ್ಡಿಯಂತಿದ್ದರು. ಅವರ ಹಿಂದೆ ಅವರ ಚೀಲವನ್ನು ಎದೆಗವಚಿಕೊಂಡು ಭಾವಮೈದ. ಅವನ ಹಿಂದೆ, ಕರೆಯದಿದ್ದರೂ, ಕಂಡಕ್ಟರು, ಟೈಲರಮ್ಮ ಮತ್ತು ಉಳಿದ ಬೀದಿ.

ಸಾಹೇಬರು ಕುರ್ಚಿಯ ತುದಿಯಲ್ಲಿ ಕೂತರು. ಟೀ ಬೇಡ, ಬಿಸ್ಕತ್ತು ಬೇಡ. "ಎಲ್ಲಿ, ತೋರಿಸಿ" ಎಂದರು.

ಬಿಸ್ಕತ್ತಣ್ಣ ಕೈಗವಸು ಏರಿಸಿ ಎದ್ದ. ಹೆಂಡತಿ ತಡೆದಳು. "ನೀವು ಕೂತ್ಕೊಳ್ಳಿ. ನಾನೇ ತರ್ತೀನಿ." ಒಳಗೆ ಹೋಗಿ, ತಟ್ಟೆಯೊಂದರಲ್ಲಿ ಹಲ್ಲುಜ್ಜುವ ರಾಕ್ಷಸನನ್ನಿಟ್ಟುಕೊಂಡು ಬಂದಳು. ಮುಖದಲ್ಲಿ ಎಂಥ ಸಂಭ್ರಮವೆಂದರೆ ತಟ್ಟೆಯಲ್ಲಿರುವುದು ಏನೇ ಆಗಿರಲಿ ಜನ ಚಪ್ಪಾಳೆ ತಟ್ಟಬೇಕು.

ರಾಕ್ಷಸ ಫಳಫಳ ಹೊಳೆಯುತ್ತಿದ್ದ. ವಿಪರೀತವೇ ಹೊಳೆಯುತ್ತಿದ್ದ. ಟೀ ಗೀ ಚೆಲ್ಲೀತೆಂದು, ಕೈಬೆವರು ತಾಗೀತೆಂದು, ಗಂಡನ ಒಂಬತ್ತೂವರೆಗೆ ಏನೂ ಆಗದಿರಲೆಂದು, ಅವಳು ಹಿಂದಿನ ದಿನ ಅದನ್ನು ಝೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಿದ್ದಳು.

ಬಿಸ್ಕತ್ತಣ್ಣ ಕೂತಲ್ಲಿಂದ ಅರ್ಧ ಎದ್ದ. ಆ ವೀಡಿಯೋದ ಮುದುಕ ಬೆರಳೆತ್ತಿ ಎಚ್ಚರಿಸಿದ್ದ. ಮಡಚಿದ್ದಕ್ಕೂ ಅಂಕವಿದೆ, ಹರಿದದ್ದಕ್ಕೂ ಅಂಕವಿದೆ, ಬಿಸಿ ಪ್ಲಾಸ್ಟಿಕ್ಕಿನೊಳಗೆ ಅಂಟಿಹೋದ ಕಾರ್ಡಿಗೆ ಮಾತ್ರ ಸೊನ್ನೆ.

ಸಾಹೇಬರು ತಟ್ಟೆಯತ್ತ ಬೆರಳು ಚಾಚಿದರು. "ಯಾರು? ಯಾರ್ರೀ ಈ ಕೊಲೆ ಮಾಡಿದ್ದು?"

ಹೆಂಡತಿಯ ಕೈಯಲ್ಲಿದ್ದ ತಟ್ಟೆ ಮೆಲ್ಲಗೆ ಕೆಳಗಿಳಿಯಿತು. ಏನೋ ತಪ್ಪಾಗಿದೆ ಎಂದು ಅವಳಿಗೆ ಹೊಳೆಯುತ್ತಿತ್ತು, ಏನೆಂದು ಮಾತ್ರ ಹೊಳೆಯುತ್ತಿರಲಿಲ್ಲ. ತಮ್ಮ ಆಗಲೇ ನಗಲು ಶುರುಮಾಡಿದ್ದ. "ಅಯ್ಯೋ ಅಕ್ಕಾ, ಇದನ್ನ ಯಾರಾದ್ರೂ..."

"ನಾನು" ಎಂದ ಬಿಸ್ಕತ್ತಣ್ಣ. ಧ್ವನಿ ಅವನಿಗೇ ಅಪರಿಚಿತವೆನಿಸುವಷ್ಟು ಗಟ್ಟಿಯಾಗಿತ್ತು. "ನಾನೇ ಮಾಡಿಸಿದ್ದು ಸಾರ್. ನಾನೇ ಅಂಗಡಿಗೆ ಹೋಗಿ ಎದುರಿಗೆ ನಿಂತು ಮಾಡಿಸ್ದೆ."

ಹೆಂಡತಿ ಅವನ ಮುಖವನ್ನೇ ನೋಡಿದಳು.

"ಇದಕ್ಕೆ ಒಂಬತ್ತೂವರೆ ಕೊಟ್ಟ ತಜ್ಞ ಯಾರು?" ಎಂದರು ಸಾಹೇಬರು.

"ಅದೂ ನಾನೇ ಸಾರ್."

ಬಾಗಿಲಲ್ಲಿ ಗಲಾಟೆಯೆದ್ದಿತು. ಕಂಡಕ್ಟರು ಜನರನ್ನು ಸರಿಸಿಕೊಂಡು ಒಳನುಗ್ಗಿದರು. "ಅಂದ್ರೆ ಇವರು ಕೊಟ್ಟ ಅಂಕ ಲೆಕ್ಕಕ್ಕೇ ಇಲ್ಲವಾ? ನನಗೆ ಮೊದಲು ಎಂಟು ಕೊಟ್ಟಿದ್ರು ಸಾರ್, ಆಮೇಲೆ ಮೂರು ಮಾಡಿದಾರೆ. ಮೂರನ್ನೇ ಇಟ್ಟುಕೊಳ್ಳಿ! ಬೇಕಾದ್ರೆ ಬಂದು ನೋಡಿ, ಮೂಲೆ ಇಲ್ಲ!"

"ನನ್ನ ಮನೆಗೆ ಎರಡು ಸಾಕು" ಎಂದರು ಟೈಲರಮ್ಮ. ಕೂಡಲೇ ತಡೆಯಲಾರದೆ, "ಆದ್ರೆ ಪರದೆ ಎಲ್ಲ ನಾನೇ ಹೊಲಿದಿದ್ದು ಅಂತ ಸ್ವಲ್ಪ ಬರ್ಕೊಳ್ಳಿ" ಎಂದರು.

ಸಾಹೇಬರು ಗಾಬರಿಯಾಗಿ ಹಿಂದೆ ಸರಿದರು. ಮೊಣಕೈ ತಾಗಿ ಚಮಚ ಕೆಳಗೆ ಬಿತ್ತು. ಹೆಕ್ಕಲು ಬಗ್ಗಿದ ಸಾಹೇಬರು ಹಾಗೇ ಬಗ್ಗಿಕೊಂಡೇ ಉಳಿದರು. ಆಮೇಲೆ ಮಂಡಿಯೂರಿದರು. ಆಮೇಲೆ ಪೂರ್ತಿಯಾಗಿ ಟೇಬಲ್ಲಿನಡಿ ಹೊಕ್ಕರು.

"ಅಡಿಪಾಯ ನೋಡ್ತಿದಾರೆ" ಎಂದು ಕಂಡಕ್ಟರು ಪಿಸುಗುಟ್ಟಿದರು.

ಟೇಬಲ್ಲಿನಡಿಯಿಂದ ಸಾಹೇಬರ ಧ್ವನಿ ಬಂತು. "ಎತ್ತಿ! ಟೇಬಲ್ ಎತ್ತಿ! ಮೆಲ್ಲಗೆ!" ಭಾವಮೈದ ಚೀಲ ಕೆಳಗಿಟ್ಟು ಟೇಬಲ್ಲನ್ನು ಎತ್ತಿ ಹಿಡಿದ. ಸಾಹೇಬರು ಗಿಡ್ಡ ಕಾಲಿನಡಿಯಿಂದ ಮಡಚಿದ ಕಾರ್ಡನ್ನು ತೆಗೆದು, ಒಂದೊಂದೇ ಮಡಿಕೆ ಬಿಡಿಸಿದರು. ಕಚ್ಚಿದ ಮೂಲೆ, ಕಷಾಯದ ಕಲೆ, ಗಿರಿಜಾ ಮೀಸೆ ಎಲ್ಲದರ ಸಮೇತ ಸೀನುವ ರಾಕ್ಷಸ ಬೆಳಕು ಕಂಡ. ಸಾಹೇಬರು ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಇದು ನಿ... ನಿಮಗೆ ಎಲ್ಲಿ ಸಿಕ್ತು?"

"ಚಿಕ್ಕವನಿದ್ದಾಗ ಬಬಲ್ ಗಮ್ಮಲ್ಲಿ ಬಂದಿತ್ತು ಸಾರ್. ತೀರಾ ಕೆಟ್ಟಿದೆ ಅಂತ ಕಾಲಿಗೆ ಕೊಟ್ಟೆ. ಅರ್ಧ ಅಂಕ."

"ಅಂಕ ಯಾರಿಗೆ ಬೇಕ್ರೀ!" ಎಂದು ಸಾಹೇಬರು ಕೂಗಿದರು. "ಇದರ ಬೆನ್ನಿಗೆ ಏನಿದೆ ಓದಿದೀರಾ? ಸ್ನೇಹಿತನ ಮುಖಕ್ಕೆ ಸೀನಿ ನೋಡು, ಅವನು ಓಡದಿದ್ರೆ ಅವನೇ ನಿಜವಾದ ಸ್ನೇಹಿತ. ಶಾಲೆ ಶಾಲೆಯಲ್ಲೂ ಮಕ್ಕಳು ಒಬ್ಬರ ಮುಖಕ್ಕೆ ಒಬ್ಬರು ಸೀನಿ ಎಲ್ಲರಿಗೂ ನೆಗಡಿ! ಅಪ್ಪ ಅಮ್ಮಂದಿರು ಗಲಾಟೆ ಮಾಡಿ ಈ ಕಾರ್ಡನ್ನೇ ನಿಲ್ಲಿಸಿಬಿಟ್ರು. ಐವತ್ತರಲ್ಲಿ ನನ್ನ ಹತ್ರ ನಲವತ್ತೊಂಬತ್ತೂ ಇವೆ. ಇದೊಂದನ್ನ ತಲೆ ನೆರೆಯೋವರೆಗೂ ಹುಡುಕಿದೀನಿ." ಅವರು ಮೀಸೆಯ ಮೇಲೆ ಬೆರಳಾಡಿಸಿದರು. "ಮೀಸೆ ಚೆನ್ನಾಗಿದೆ."

ಬಿಸ್ಕತ್ತಣ್ಣನಿಗೆ ಸಂಕೋಚವಾಯಿತು. ತನ್ನ ಅಂಕಗಳ ಪಾಡು ಹೀಗಾಯಿತಲ್ಲ ಎಂದುಕೊಂಡು, "ತಗೊಳ್ಳಿ ಸಾರ್, ನಿಮಗೇ ಇರಲಿ" ಎಂದ.

"ಸುಮ್ನೆ ತಗೊಳ್ಳೋ ಹಾಗಿಲ್ಲ. ಕಾರ್ಡಿಗೆ ಕಾರ್ಡು, ಅದು ನಿಯಮ." ಸಾಹೇಬರು ಚೀಲಕ್ಕೆ ಕೈಹಾಕಿ ಗಾಜಿನಂಥ ಪೆಟ್ಟಿಗೆಯೊಂದನ್ನು ತೆಗೆದರು. ಒಳಗೆ ಹಲ್ಲುಜ್ಜುವ ರಾಕ್ಷಸ. ಪ್ಲಾಸ್ಟಿಕ್ಕಿಲ್ಲ, ಕಲೆಯಿಲ್ಲ, ಮೂಲೆ ನಾಲ್ಕೂ ಸೂಜಿ. "ನನ್ನ ಹತ್ರ ಇದು ಎರಡಿದೆ. ನಿಜವಾದ ತಜ್ಞರೇ ಒಂಬತ್ತೂವರೆ ಕೊಟ್ಟಿದ್ದು. ಹಾಳಾದದ್ದರ ಬದಲು ಇದನ್ನ ಇಟ್ಕೊಳ್ಳಿ."

ಟೇಬಲ್ಲು ಎತ್ತಿ ಹಿಡಿದಿದ್ದ ಭಾವಮೈದ, "ತಗೋ ಭಾವ, ತಗೋ" ಎಂದು ಹಲ್ಲುಕಚ್ಚಿ ಹೇಳಿದ.

ಬಿಸ್ಕತ್ತಣ್ಣ ಪೆಟ್ಟಿಗೆಯನ್ನು ನೋಡಿದ. ಎಂಥ ಮೂಲೆಗಳು, ಎಂಥ ಅಂಚು! ಆಮೇಲೆ ಗೋಡೆಗೊರಗಿ ನಿಂತ ಹೆಂಡತಿಯನ್ನು ನೋಡಿದ. ಅವಳು ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು.

"ಬೇಡ ಸಾರ್" ಎಂದ. "ಅದು ನಮ್ಮ ಮನೇಲಿ ಆಗಲೇ ಒಂದಿದೆ."

ಸಾಹೇಬರು ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಪೆಟ್ಟಿಗೆಯನ್ನು ಚೀಲಕ್ಕೆ ಸೇರಿಸಿದರು. "ಹಾಗಾದ್ರೆ ಬದಲಿಗೆ ಏನು ಕೊಡಲಿ?"

"ಟೇಬಲ್ ಕಾಲಿಗೆ ಏನಾದ್ರೂ ಕೊಡಿ ಸಾರ್. ಅದನ್ನ ತೆಗೆದುಬಿಟ್ರಲ್ಲ."

"ಬೇಗ ಕೊಡಿ ಸಾರ್, ಕೈ ಸೋತು ಹೋಗ್ತಿದೆ" ಎಂದ ಭಾವಮೈದ.

ಸಾಹೇಬರು ಜೇಬು ತಡಕಿ ತಮ್ಮ ವಿಸಿಟಿಂಗ್ ಕಾರ್ಡು ತೆಗೆದರು. ದಪ್ಪ ರಟ್ಟು, ಬಂಗಾರದ ಅಕ್ಷರ. ಅಂಥದೊಂದನ್ನು ಭಾವಮೈದ ತನ್ನ ಪರ್ಸಿನಲ್ಲಿ ಹೆಂಡತಿಯ ಫೋಟೋದ ಮೇಲಿಟ್ಟುಕೊಂಡಿದ್ದ. ಸಾಹೇಬರು ಅದನ್ನು ನಾಲ್ಕಾಗಿ ಮಡಚಿ, ಮಂಡಿಯೂರಿ, ಗಿಡ್ಡ ಕಾಲಿನಡಿ ಸೇರಿಸಿದರು. ಭಾವಮೈದ ಕಣ್ಣು ಮುಚ್ಚಿಕೊಂಡು ಟೇಬಲ್ಲು ಇಳಿಸಿದ. ಅದು ಅಲ್ಲಾಡಲಿಲ್ಲ.

"ಎಷ್ಟು ಅಂಕ?" ಎಂದರು ಸಾಹೇಬರು.

"ಎಂಟಕ್ಕೆ ಮೋಸವಿಲ್ಲ ಸಾರ್."

ಆಗ ಕಂಡಕ್ಟರು ಗಂಟಲು ಸರಿಮಾಡಿಕೊಂಡರು. "ಎಲ್ಲ ಸರಿ ಸಾರ್. ಆದ್ರೆ ಮನೆ ತೆರಿಗೆ ಎಷ್ಟು ಏರಿಸ್ತೀರಿ, ಅದನ್ನ ಹೇಳಿಬಿಡಿ."

"ತೆರಿಗೆಯಾ? ನಾನು ಸೋಪು ಮಾಡೋನು ಕಣ್ರೀ!"

ಕಂಡಕ್ಟರು ನಿಧಾನವಾಗಿ ತಿರುಗಿ ಕಿಟಕಿಯಿಂದ ಎದುರಿನ ತಮ್ಮ ಗೋಡೆಯನ್ನು ನೋಡಿದರು. ಟೈಲರಮ್ಮ ಪರದೆ ಬದಲಿಸಲು ಓಡಿದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಟ್ಟೆಯಲ್ಲಿದ್ದ ಇಡೀ ಬಿಸ್ಕತ್ತುಗಳನ್ನು ಒಂದೂ ಬಿಡದೆ ತಿಂದು ಹೊರಟರು.

ಎಲ್ಲರೂ ಹೋದ ಮೇಲೆ ಹೆಂಡತಿ ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟಳು. ಲ್ಯಾಮಿನೇಷನ್ನಿನೊಳಗೆ ರಾಕ್ಷಸ ಹಲ್ಲುಜ್ಜುತ್ತಲೇ ಇದ್ದ.

"ನಾನು ಹಾಳು ಮಾಡಿದ್ನಲ್ಲ" ಎಂದಳು. "ನೀವ್ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?"

ಬಿಸ್ಕತ್ತಣ್ಣ ಕಳಚಿಟ್ಟಿದ್ದ ಕೈಗವಸನ್ನು ಮತ್ತೆ ತೊಟ್ಟ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ಕಾರ್ಡನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ಬಹಳ ಹೊತ್ತು ನೋಡಿದ.

"ಮೂಲೆ ನಾಲ್ಕೂ ಒಂದೇ ಸಮ ದುಂಡಗಿದೆ. ಅಂಚು ಎಲ್ಲೂ ಬಿಟ್ಟುಕೊಂಡಿಲ್ಲ. ಒಳಗೆ ಒಂದೇ ಒಂದು ಗಾಳಿಗುಳ್ಳೆ ಇಲ್ಲ. ರಾಕ್ಷಸ ನಟ್ಟನಡುವೆ ಕೂತಿದಾನೆ."

"ಎಷ್ಟು?"

"ಹತ್ತು."

"ಸಾಹೇಬ್ರದ್ದು ಒಂಬತ್ತೂವರೆ ಅಲ್ವಾ?"

"ಹೌದು. ಅದಕ್ಕೆ ಬೇಡ ಅಂದೆ."

ಅವಳು ನಕ್ಕುಬಿಟ್ಟಳು. ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ಅದೇ ನೋಟ. ಹೋದ ವಾರದ್ದಕ್ಕಿಂತ ಚೆನ್ನಾಗಿತ್ತು, ಯಾಕೆಂದರೆ ಈ ಸಲ ತೋರಿಸಲು ಎದುರಿಗೆ ತಮ್ಮ ಇರಲಿಲ್ಲ. ಬಿಸ್ಕತ್ತಣ್ಣನಿಗೆ ತುಂಬ ಸಂತೋಷವಾಯಿತು.

ಅಷ್ಟರಲ್ಲಿ ಎದುರು ಮನೆಯಿಂದ ಕಂಡಕ್ಟರ ಕೂಗು ಕೇಳಿಸಿತು. "ಬಿಸ್ಕತ್ತಣ್ಣಾ! ನಾಳೆ ಗಾರೆಯವನು ಬರ್ತಾನೆ. ಮೂಲೆ ಸರಿಯಾಗಿ ಕಟ್ತಾನಾ ಅಂತ ನೀವೇ ನಿಂತು ನೋಡ್ಕೋಬೇಕು. ಎಂಟಕ್ಕಿಂತ ಒಂದಂಕ ಕಡಿಮೆ ಬಂದ್ರೂ ನಾನು ಒಪ್ಪೋದಿಲ್ಲ! ಈಗ್ಲೇ ಒಂದ್ಸಲ ಬಂದು ನೋಡಿ!"

ಬಿಸ್ಕತ್ತಣ್ಣ ಕೈಗವಸು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದ.

"ಹೋಗಿ ನೋಡ್ಬನ್ನಿ" ಎಂದಳು ಹೆಂಡತಿ. "ಬಾಯಿ ಮಾತ್ರ ಬಿಡಬೇಡಿ."